ಗುಂಡಿ ಮುಚ್ಚುವ ಹೊತ್ತು

ಬೆಂಗಳೂರಿನ ಹೊರ ಬಡಾವಣೆಗಳಲ್ಲಿ ಜೋರು ಮಳೆ ಬಂದ ಮಾರನೆಯ ಬೆಳಿಗ್ಗೆ ಒಂದು ಸುತ್ತು ನಡೆದು ಬನ್ನಿ. ರಸ್ತೆಯ ಒಂದು ಮಗ್ಗುಲಿಗೆ ಉದ್ದಾನುದ್ದ ನೀರು ನಿಂತಿರುತ್ತದೆ. ಮೂರಡಿ ಅಗಲದ ನೇರ ಪಟ್ಟಿ, ಅಲ್ಲಲ್ಲಿ ಅದರಿಂದ ಗೇಟುಗಳ ಕಡೆಗೆ ಒಂದೊಂದು ಕವಲು. ನೆಲದೊಳಗೆ ಯಾವ ಪೈಪು ಎಲ್ಲಿ ಹೋಗಿದೆ ಎಂದು ತಿಳಿಯಲು ನಕ್ಷೆ ಬೇಡ, ಮಳೆನೀರೇ ಗೆರೆ ಎಳೆದು ತೋರಿಸಿರುತ್ತದೆ. ಆ ಪಟ್ಟಿಯಲ್ಲಿ ಸ್ಕೂಟರಿನ ಚಕ್ರ ಇಳಿಯುತ್ತದೆ, ಹಾಲಿನ ಗಾಡಿ ವಾಲುತ್ತದೆ, ಶಾಲೆ ಮಕ್ಕಳು ಕಾಂಪೌಂಡ್ ಹಿಡಿದುಕೊಂಡು ದಾಟುತ್ತಾರೆ. ಮಳೆಯಿಂದ ರಸ್ತೆ ಹಾಳಾಯಿತು ಅನ್ನುತ್ತೇವೆ. ಆದರೆ ಆ ರಸ್ತೆ ಕುಸಿಯಬೇಕೆಂದು ತೀರ್ಮಾನವಾದದ್ದು ತಿಂಗಳುಗಳ ಹಿಂದೆ, ಒಂದು ಮಧ್ಯಾಹ್ನ, ಜೆಸಿಬಿ ಬಂದು ಬದಿಯಲ್ಲಿದ್ದ ಮಣ್ಣನ್ನೆಲ್ಲ ಒಂದೇ ಸಲ ಗುಂಡಿಗೆ ತಳ್ಳಿ ಹೋದ ಅರ್ಧ ಗಂಟೆಯಲ್ಲಿ.

ಅಗೆಯುವ ದಿನ ಇಡೀ ಬೀದಿ ಹೊರಗೆ ಬಂದಿರುತ್ತದೆ. ಗೇಟಿನ ಮುಂದಿನ ರಾಂಪು ಒಡೆದರು, ಕಾರು ಒಳಗೇ ಸಿಕ್ಕಿಕೊಂಡಿತು, ನಲ್ಲಿ ನೀರು ನಿಂತಿತು ಎಂದು ಜಗಳ. ಮುಚ್ಚುವ ದಿನ ಒಬ್ಬರೂ ಇರುವುದಿಲ್ಲ. ‘ಅಬ್ಬ, ಮುಚ್ಚಿದರಲ್ಲ’ ಎಂದು ಎಲ್ಲರಿಗೂ ಸಮಾಧಾನ. ನನ್ನನ್ನು ಕಾಡುವುದು ಇದೇ. ಅಗೆತದಲ್ಲಿ ಆಗುವ ಹಾನಿ ಕಣ್ಣಿಗೆ ಕಾಣುತ್ತದೆ, ಅದನ್ನು ಸರಿಪಡಿಸಲೂ ಆಗುತ್ತದೆ. ಮುಚ್ಚುವಾಗ ಆಗುವ ಹಾನಿ ಮಣ್ಣಿನಡಿ ಸೇರಿಕೊಂಡು, ಆಮೇಲೆ ನೆಲದಡಿಯ ನೀರಿನ ತೊಟ್ಟಿಯಾದ ಸಂಪಿಗೆ, ಬಚ್ಚಲಿಗೆ, ಕಾಂಪೌಂಡಿನ ಬಿರುಕಿಗೆ ಬಂದು ಮುಟ್ಟುತ್ತದೆ. ಬೀದಿಯವರ ಶಕ್ತಿಯಲ್ಲಿ ಅರ್ಧದಷ್ಟಾದರೂ ಆ ಎರಡನೆಯ ದಿನಕ್ಕೆ ಉಳಿದಿರಬೇಕು.

ಮೂರು ಸಲ ಯಾಕೆ ಅಗೆಯುತ್ತಾರೆ

2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳ ಬಡಾವಣೆಗಳಲ್ಲಿ ಈ ಪ್ರಶ್ನೆ ಕೇಳದ ಮನೆ ಇಲ್ಲ. ಕಾವೇರಿ ಐದನೇ ಹಂತದ ನೀರು, ಅಂದರೆ ದಿನಕ್ಕೆ 775 ದಶಲಕ್ಷ ಲೀಟರು, 2024ರ ಅಕ್ಟೋಬರಿನಲ್ಲಿ ಊರಿಗೆ ಬಂತು. ಅದು ಮನೆಯ ನಲ್ಲಿಗೆ ಬರಬೇಕಾದರೆ ಬೀದಿಬೀದಿಯಲ್ಲಿ ಪೈಪು ಬೇಕು, ಬಳಸಿದ ನೀರು ಹೋಗಲು ಯುಜಿಡಿ, ಅಂದರೆ ಒಳಚರಂಡಿ, ಬೇಕು. ಎರಡನ್ನೂ ಒಂದೇ ಗುಂಡಿಯಲ್ಲಿ ಹಾಕಬಾರದೇ ಎಂದು ಕೇಳುವವರಿದ್ದಾರೆ. ಹಾಕಬಾರದು. ಕುಡಿಯುವ ನೀರಿನ ಪೈಪು ಒಳಚರಂಡಿಯಿಂದ ಅಡ್ಡಕ್ಕೆ 3 ಮೀಟರು ದೂರ ಇರಬೇಕು. ಅಷ್ಟು ಜಾಗವಿಲ್ಲದ ಕಡೆ, ಅಥವಾ ಒಂದನ್ನೊಂದು ದಾಟುವ ಕಡೆ, ನೀರಿನ ಪೈಪು ಕನಿಷ್ಠ ಅರ್ಧ ಮೀಟರು ಮೇಲಿರಬೇಕು. ಒಳಚರಂಡಿ ಇಳಿಜಾರಿನಲ್ಲೇ ಹರಿಯಬೇಕಾದ್ದರಿಂದ ಅದು ಎಲ್ಲಕ್ಕಿಂತ ಆಳದಲ್ಲಿ ಹೋಗುತ್ತದೆ, ಹಾಗಾಗಿ ಮೊದಲು ಅದು. ಆಮೇಲೆ ನೀರಿನ ಮೇನ್ ಲೈನು. ಅದಕ್ಕೆ ನೀರು ತುಂಬಿಸಿ ಒತ್ತಡ ಕೊಟ್ಟು ಪರೀಕ್ಷೆ ಆಗುವವರೆಗೆ ಜಾಯಿಂಟುಗಳು ತೆರೆದೇ ಇರಬೇಕು. ಪರೀಕ್ಷೆ ಮುಗಿದ ಮೇಲೆ ಮನೆಮನೆಯ ಕನೆಕ್ಷನ್ನು, ಅಂದರೆ ರಸ್ತೆಗೆ ಅಡ್ಡ ಇನ್ನೊಂದು ಸುತ್ತು ಅಗೆತ. ಅದರ ಹಿಂದೆಯೇ ಗ್ಯಾಸಿನ ಪೈಪು, ಕರೆಂಟಿನ ಕೇಬಲ್ಲು, ಇಂಟರ್ನೆಟ್ಟಿನವರು.

ಹೀಗಾಗಿ ಮೊದಲ ಗುದ್ದಲಿಗೂ ಕೊನೆಯ ಡಾಂಬರಿಗೂ ನಡುವೆ ಒಂದು ಮಳೆಗಾಲವಾದರೂ ಬಂದು ಹೋಗುತ್ತದೆ ಎಂದೇ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು. ಟೆಂಡರ್‌ಶ್ಯೂರ್ ಎಂಬ ರಸ್ತೆ ಯೋಜನೆಯ ಮಾದರಿಯಲ್ಲಿ ರೆಸಿಡೆನ್ಸಿ ರಸ್ತೆ, ವಿಠಲ್ ಮಲ್ಯ ರಸ್ತೆಗಳಲ್ಲಿ ಪಾದಚಾರಿ ಮಾರ್ಗದ ಕೆಳಗೇ ಕೊಳವೆಗಳನ್ನು ಹಾಕಿ ಮತ್ತೆ ಮತ್ತೆ ಅಗೆಯುವುದನ್ನು ತಪ್ಪಿಸಲು ನೋಡಿದರು. ಪಾದಚಾರಿ ಮಾರ್ಗವೇ ಇಲ್ಲದ ಇಪ್ಪತ್ತಡಿ ರಸ್ತೆಯಲ್ಲಿ ಅದಕ್ಕೆ ಜಾಗವಿಲ್ಲ.

ಇಪ್ಪತ್ತಡಿ ರಸ್ತೆಯ ಲೆಕ್ಕ

ಇಪ್ಪತ್ತಡಿ ಎಂದರೆ 6 ಮೀಟರು. ಎರಡೂ ಕಡೆಯ ಮೋರಿ ಕಳೆದರೆ ಕೈಗೆ ಸಿಗುವುದು ಹೆಚ್ಚೆಂದರೆ 5. ಇಲ್ಲಿ ಯುಜಿಡಿಗೆ 90 ಸೆಂ.ಮೀ. ಅಗಲ, 1.8 ಮೀಟರು ಆಳದ ಕಾಲುವೆ ತೋಡುತ್ತಾರೆ ಅನ್ನಿ. ಪ್ರತಿ ಮೀಟರು ಉದ್ದಕ್ಕೆ ಸುಮಾರು 1.6 ಘನ ಮೀಟರು ಮಣ್ಣು. ಅಗೆದ ಮಣ್ಣು ಉಬ್ಬುತ್ತದೆ, ಕಾಲು ಭಾಗ ಹೆಚ್ಚಾಗಿ 2 ಘನ ಮೀಟರಾಗುತ್ತದೆ. ಅದನ್ನು ಬದಿಯಲ್ಲಿ ರಾಶಿ ಹಾಕಿದರೆ ಎದೆಮಟ್ಟದ ಎತ್ತರಕ್ಕೆ, ಬುಡದಲ್ಲಿ ಮೂರು ಮೀಟರಿಗೂ ಮಿಕ್ಕಿ ಹರಡುತ್ತದೆ. ಸುರಕ್ಷತೆಯ ನಿಯಮದ ಪ್ರಕಾರ ರಾಶಿ ಗುಂಡಿಯ ಅಂಚಿನಿಂದ ಒಂದೂವರೆ ಮೀಟರು, ಇಲ್ಲವೇ ಆಳದ ಅರ್ಧದಷ್ಟು, ಯಾವುದು ಹೆಚ್ಚೋ ಅಷ್ಟು ದೂರ ಇರಬೇಕು. ಕೂಡಿ ನೋಡಿ: ಗುಂಡಿ 0.9, ಬಿಟ್ಟ ಜಾಗ 1.5, ರಾಶಿ 3.4. ಒಟ್ಟು 5.8. ಇರುವುದು 5.

ಅಂದರೆ ಮಣ್ಣನ್ನು ಬೀದಿಯಲ್ಲೇ ಇಟ್ಟುಕೊಂಡು ಈ ಕೆಲಸವನ್ನು ನಿಯಮದಂತೆ ಮಾಡಲು ಸಾಧ್ಯವೇ ಇಲ್ಲ. ಮಣ್ಣನ್ನು ಹೊರಗೆ ಸಾಗಿಸಬೇಕು, ಇಲ್ಲವೇ ಹತ್ತು ಮೀಟರು ಅಗೆದು, ಪೈಪು ಹಾಕಿ, ಮುಚ್ಚಿ, ಆಮೇಲೆ ಮುಂದಿನ ಹತ್ತು ಮೀಟರಿಗೆ ಕೈ ಹಾಕಬೇಕು. ಹತ್ತು ಮೀಟರಿನ ಮಣ್ಣು ನೂರು ಘನ ಅಡಿ ಹಿಡಿಯುವ ಟ್ರ್ಯಾಕ್ಟರಿನಲ್ಲಿ ಏಳು ಲೋಡು. ಇದನ್ನು ಅಗೆತ ಶುರುವಾಗುವ ಮೊದಲು ಎಂಜಿನಿಯರ ಹತ್ತಿರ ಲೆಕ್ಕ ಸಮೇತ ಕೇಳಿದರೆ ಉತ್ತರ ಬರುತ್ತದೆ. ‘ನಮಗೆ ತೊಂದರೆ ಕೊಡಬೇಡಿ’ ಎಂದು ಕೇಳಿದರೆ ಬರುವುದಿಲ್ಲ. ಇಡೀ ಬೀದಿಯನ್ನು ಒಂದೇ ದಿನ ತೆರೆದು ಹಾಕುವುದು ಜೆಸಿಬಿಯ ಬಾಡಿಗೆಗೆ ಅನುಕೂಲ, ಅಷ್ಟೇ. ಅದಾದ ಮೇಲೆ ಪೈಪು ಬರುವುದು ತಡವಾದರೆ ಬೀದಿ ವಾರಗಟ್ಟಲೆ ತೆರೆದೇ ಇರುತ್ತದೆ.

ಇನ್ನೊಂದು ಮಾತು. ಒಂದೂವರೆ ಮೀಟರಿಗಿಂತ ಆಳದ ಗುಂಡಿಯ ಗೋಡೆಗಳಿಗೆ ಹಲಗೆ ಕೊಟ್ಟು ಆನಿಸಬೇಕು ಅಥವಾ ಮೆಟ್ಟಿಲಿನ ಹಾಗೆ ಹಿಂದಕ್ಕೆ ಕಡಿದಿರಬೇಕು. ಪ್ರತಿ 30 ಮೀಟರಿಗೊಂದು ಏಣಿ ಇರಬೇಕು. ಕೆಳಗೆ ಇಳಿಯುವವರು ಯಾದಗಿರಿ, ರಾಯಚೂರು ಕಡೆಯಿಂದ ದುಡಿಯಲು ಬಂದ ಹುಡುಗರು. ಒಂದು ಘನ ಮೀಟರು ಮಣ್ಣು ಒಂದೂವರೆ ಟನ್ನಿಗಿಂತ ಹೆಚ್ಚು ತೂಗುತ್ತದೆ. ಎದೆ ಮೇಲೆ ಬಿದ್ದರೆ ತಲೆ ಹೊರಗಿದ್ದರೂ ಉಸಿರು ಎಳೆಯಲಾಗದು. ಅಂಚಿಗೆ ಸಮಾನಾಂತರವಾಗಿ ನೆಲದ ಮೇಲೆ ಕೂದಲೆಳೆಯಷ್ಟು ಬಿರುಕು ಕಂಡರೂ, ‘ಮೇಸ್ತ್ರಿ, ಮೊದಲು ಅವರನ್ನ ಮೇಲೆ ಕರೀರಿ’ ಎಂದು ಹೇಳುವ ಹಕ್ಕು ಗೇಟಿನಲ್ಲಿ ನಿಂತ ಯಾರಿಗಾದರೂ ಇದೆ. ಹೇಳಲೇಬೇಕು.

ಅಗೆಯುವ ಮೊದಲಿನ ವಾರ

ರಸ್ತೆಯಂಚಿಗೆ ಸುಣ್ಣದ ಗೆರೆ ಬಿದ್ದ ದಿನವೇ ಫೋಟೋ ತೆಗೆದಿಡಿ. ಕಾಂಪೌಂಡನ್ನು ಒಳಗಿನಿಂದಲೂ ಹೊರಗಿನಿಂದಲೂ, ರಾಂಪು, ಮೋರಿಯ ಚಪ್ಪಡಿ, ಸಂಪಿನ ಬಾಯಿ, ಮನೆಯ ಮುಂಗೋಡೆ. ಇರುವ ಬಿರುಕುಗಳನ್ನು ಬಿಡಬೇಡಿ. ಪ್ರತಿ ಬಿರುಕಿನ ಎರಡು ತುದಿಗೂ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ, ನಡುವೆ ಒಂದು ಬಟ್ಟು ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಮೆತ್ತಿ. ಬಿರುಕು ಚಲಿಸಿದರೆ ಆ ಬಟ್ಟು ಸೀಳುತ್ತದೆ. ಮುಂದೆ ‘ಇದು ಮೊದಲೇ ಇತ್ತು’ ಎಂದು ಯಾರೂ ವಾದಿಸಲಾರರು. ಹೆಚ್ಚಿನ ಕಾಂಪೌಂಡುಗಳ ಪಾಯ ಎರಡಡಿ ಆಳದ ಸೈಜುಕಲ್ಲಿನದು. ಪಾಯದ ಬುಡದಿಂದ 45 ಡಿಗ್ರಿಯಲ್ಲಿ ಕೆಳಕ್ಕೆ ಗೆರೆ ಎಳೆದುಕೊಳ್ಳಿ. ಗುಂಡಿ ಆ ಗೆರೆಯೊಳಗೆ ಬಂದರೆ ಪಾಯಕ್ಕೆ ಆಸರೆಯಾಗಿರುವ ಮಣ್ಣು ಸಡಿಲವಾಗುತ್ತದೆ. ಎರಡು ಮೀಟರು ಆಳದ ಗುಂಡಿ ಎರಡಡಿ ಪಾಯದ ಗೋಡೆಯಿಂದ ಕನಿಷ್ಠ 1.4 ಮೀಟರು ಆಚೆ ಇರಬೇಕು. ಅದಕ್ಕಿಂತ ಹತ್ತಿರ ಬರಲೇಬೇಕಿದ್ದರೆ ಆ ಭಾಗವನ್ನು ಬೆಳಿಗ್ಗೆ ತೆರೆದು ಸಂಜೆಯೊಳಗೆ ಮುಚ್ಚಿಸಬೇಕು. ರಾತ್ರಿ ಮಳೆಗೆ ತೆರೆದಿಡಬಾರದು.

ನಿಮ್ಮ ಮನೆಗೆ ಬರುವ ಅರ್ಧ ಇಂಚಿನ ನೀರಿನ ಪೈಪು, ಹೊರಗೆ ಹೋಗುವ ಯುಜಿಡಿ ಪೈಪು, ಕರೆಂಟಿನ ಕೇಬಲ್ಲು, ಇದ್ದರೆ ಗ್ಯಾಸು, ಇವು ಎಲ್ಲೆಲ್ಲಿ ಕಾಂಪೌಂಡ್ ದಾಟುತ್ತವೆ ಎಂದು ಗೋಡೆಯ ಮೇಲೆ ಬಣ್ಣದಲ್ಲಿ ಬರೆದು ಬಾಣ ಹಾಕಿ. ಜೆಸಿಬಿ ಓಡಿಸುವವನು ಕೂತಲ್ಲಿಂದ ಓದುವಷ್ಟು ದೊಡ್ಡದಾಗಿ. ಹೊಸ ಪೈಪಿನ ನಕ್ಷೆ ಅವನ ಮೇಸ್ತ್ರಿಯ ಹತ್ತಿರ ಇರಬಹುದು, ಹಳೆಯ ಮನೆ ಕನೆಕ್ಷನ್ನುಗಳ ನಕ್ಷೆ ಯಾರ ಹತ್ತಿರವೂ ಇರುವುದಿಲ್ಲ. ಬಾಣದ ಗುರುತು ಇದ್ದಲ್ಲಿ ಎರಡೂ ಕಡೆ ಎರಡಡಿ ಬಿಟ್ಟು, ನಡುವಿನದ್ದನ್ನು ಗುದ್ದಲಿ ಸನಿಕೆಯಲ್ಲಿ ಬಿಡಿಸಲು ಕೇಳಿ.

ಗುಂಡಿ ದಾಟುವ ಹಲಗೆಯ ವಿಷಯವನ್ನೂ ಆಗಲೇ ಮಾತಾಡಿ. ಸೆಂಟ್ರಿಂಗಿನ ತೆಳು ಹಲಗೆ ಒಂದನ್ನು ಎಸೆದು ಹೋದರೆ ಒಪ್ಪಬೇಡಿ. ಎರಡಿಂಚು ದಪ್ಪದ ಮೂರು ಹಲಗೆ ಸೇರಿಸಿ ಕಟ್ಟಿ, ಎರಡಡಿ ಅಗಲ ಬರಬೇಕು. ಎರಡೂ ತುದಿ ಗಟ್ಟಿ ನೆಲದ ಮೇಲೆ ಎರಡೆರಡು ಅಡಿ ಕೂತಿರಬೇಕು. ಒಂದು ಕಡೆಯಾದರೂ ಹಿಡಿದುಕೊಳ್ಳಲು ಕಂಬಿ ಬೇಕು. ಯುಜಿಡಿ ನಡೆಯುತ್ತಿದ್ದ ಒಂದು ಬೀದಿಯಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಗೇಟಿನ ಮುಂದೆ ನೆಲವೇ ಉಳಿಯದ ಕಾರಣ ಆ ಹಲಗೆಯನ್ನೇ ಒದ್ದೆ ಬಟ್ಟೆಯಲ್ಲಿ ಒರೆಸಿ, ಅದರ ಮೇಲೆ ಎಂಟೆಳೆಯ ರಂಗೋಲಿ ಹಾಕುತ್ತಿದ್ದರು. ಬೆಳಗಿನ ಕೆಲಸಕ್ಕೆ ಬಂದ ಹುಡುಗರು ಅದನ್ನು ತುಳಿಯದೆ ಅಂಚಿನಲ್ಲಿ ಕಾಲಿಟ್ಟು ದಾಟುತ್ತಿದ್ದರು. ಮಾರನೆಯ ದಿನ ಅವರಲ್ಲೊಬ್ಬ, ‘ಯಮ್ಮಾ, ಅಂಚಿನ್ಯಾಗ ಕಾಲು ಜಾರತೈತಿ, ನಡುವ ಸ್ವಲ್ಪ ಜಾಗ ಬಿಡ್ರಿ’ ಎಂದು ಕೇಳಿಕೊಂಡ. ಅಂದಿನಿಂದ ರಂಗೋಲಿ ಎರಡು ಭಾಗವಾಯಿತು, ನಡುವೆ ಒಂದು ಹೆಜ್ಜೆಯಷ್ಟು ದಾರಿ.

ಮುಚ್ಚುವಾಗ ನೋಡಬೇಕಾದದ್ದು

ಪೈಪು ನೇರ ಕಲ್ಲಿನ ಮೇಲೆ ಕೂರಬಾರದು. ತಳದಲ್ಲಿ ನಾಲ್ಕರಿಂದ ಆರು ಇಂಚು ಎಂ-ಸ್ಯಾಂಡಿನ ಹಾಸು, ಪೈಪಿನ ಎರಡು ಪಕ್ಕಕ್ಕೂ ಅದೇ, ಪೈಪಿನ ನೆತ್ತಿಯ ಮೇಲೆ ಒಂದಡಿಯವರೆಗೆ ಕಲ್ಲಿಲ್ಲದ ಸಣ್ಣ ಮಣ್ಣು. ಆಮೇಲೆ ಉಳಿದ ಮಣ್ಣು, ಆರರಿಂದ ಎಂಟು ಇಂಚಿನ ಪದರ ಪದರವಾಗಿ, ಒಂದೊಂದು ಪದರಕ್ಕೂ ನೀರು ಚಿಮುಕಿಸಿ, ಬಡಿದು ಗಟ್ಟಿಯಾಗಿ ಧಮ್ಮಸ್ಸು ಮಾಡಿ. 1.8 ಮೀಟರಿನ ಗುಂಡಿಯಲ್ಲಿ ಪೈಪಿನ ಮೇಲೆ ಇಂಥ ಪದರಗಳು ಆರಾದರೂ ಬರಬೇಕು. ನೀರು ಎಂದರೆ ಮಣ್ಣನ್ನು ಹಿಡಿಯಲ್ಲಿ ಹಿಸುಕಿದಾಗ ಉಂಡೆ ಕಟ್ಟುವಷ್ಟು, ಕೈಗೆ ನೀರು ಬಿಡುವಷ್ಟಲ್ಲ. ಗುಂಡಿ ತುಂಬಾ ನೀರು ಬಿಟ್ಟು ‘ಮಣ್ಣು ತಾನೇ ಕೂರುತ್ತೆ’ ಅನ್ನುವ ಪದ್ಧತಿ ಇದೆ. ನಮ್ಮ ಕೆಮ್ಮಣ್ಣು, ಜೇಡಿಯಲ್ಲಿ ಅದು ನಡೆಯುವುದಿಲ್ಲ. ಮೇಲೆ ಕೆಸರು, ಒಳಗೆ ಪೊಳ್ಳು ಉಳಿಯುತ್ತದೆ.

ಇದರ ಬದಲು ನಡೆಯುವುದು ಏನು ಅಂದರೆ, ಪೈಪಿನ ಕೊನೆಯ ಜಾಯಿಂಟು ಕೂತ ಕೂಡಲೇ ಜೆಸಿಬಿ ರಾಶಿಯನ್ನು ಹಾಗೇ ತಳ್ಳುತ್ತದೆ. ಒಡೆದ ಚಪ್ಪಡಿ, ಡಾಂಬರಿನ ಹೆಂಟೆ, ಸಿಮೆಂಟ್ ಚೀಲ, ಎಲ್ಲ ಒಟ್ಟಿಗೆ. ಚಪ್ಪಡಿಯ ತುಂಡು ಪೈಪಿನ ಮೇಲೆ ಓರೆಯಾಗಿ ನಿಂತರೆ ಅದರ ಕೆಳಗೆ ಒಂದು ಬುಟ್ಟಿಯಷ್ಟು ಖಾಲಿ ಜಾಗ ಉಳಿಯುತ್ತದೆ. ಎಲ್ಲ ತುಂಬಿದ ಮೇಲೆ ಜೆಸಿಬಿಯ ಬಕೆಟ್ಟಿನಿಂದ ಮೇಲೆ ನಾಲ್ಕು ಸಲ ಬಡಿದು, ಚಕ್ರ ಹರಿಸಿ ಹೋಗುತ್ತಾರೆ. ಆ ಭಾರ ಮೇಲಿನ ಒಂದಡಿಗೆ ಮುಟ್ಟುತ್ತದೆ, ಕೆಳಗಿನ ಮೂರಡಿ ಉಬ್ಬಿದ ಮಣ್ಣು ಉಬ್ಬಿದಂತೆಯೇ ಇರುತ್ತದೆ. ಮಳೆ ನೀರು ಇಳಿದಾಗ ಅದು ತನ್ನ ಹಳೆಯ ಗಾತ್ರಕ್ಕೆ ಮರಳುತ್ತದೆ, ಮೂರಡಿಗೆ ಸುಮಾರು ಏಳು ಇಂಚು. ರಸ್ತೆಯಲ್ಲಿ ಕಾಣುವ ಆ ಪಟ್ಟಿಯ ಆಳವೂ ಹೆಚ್ಚುಕಡಿಮೆ ಅಷ್ಟೇ.

ಹಾಗಾಗಿ ಮುಚ್ಚುವ ದಿನ ಬೀದಿಯಿಂದ ಇಬ್ಬರು ನಿಲ್ಲುವ ಪಾಳಿ ಮಾಡಿಕೊಳ್ಳಿ. ಮಣ್ಣು ಬಡಿಯುವ ಯಂತ್ರ ಬಂದಿದೆಯೇ, ಮರಳು ಇಳಿದಿದೆಯೇ ಎಂದು ಬೆಳಿಗ್ಗೆಯೇ ನೋಡಿ. ಬಾರದಿದ್ದರೆ ಆಗಲೇ ಎಂಜಿನಿಯರಿಗೆ ಫೋನು ಮಾಡಿ, ಮುಚ್ಚಿದ ಮೇಲೆ ಅಲ್ಲ. ಪೈಪು ತೆರೆದಿರುವಾಗ ಗೋಡೆಗೆ ಅಳತೆಪಟ್ಟಿ ಹಿಡಿದು ಫೋಟೋ ತೆಗೆಯಿರಿ, ಆಳವೂ ಹಾಸೂ ಕಾಣುವ ಹಾಗೆ. ಮುಚ್ಚಿದ ಮೇಲೆ ಅರ್ಧ ಇಂಚಿನ ಕಬ್ಬಿಣದ ಸರಳನ್ನು ಕೈಯಿಂದ ಒತ್ತಿ ನೋಡುವುದು ಒರಟು ಪರೀಕ್ಷೆಯೇ, ಆದರೂ ಸುಳ್ಳು ಹೇಳುವುದಿಲ್ಲ. ಸರಳು ಸಲೀಸಾಗಿ ಒಂದಡಿ ಇಳಿದರೆ ಕೆಳಗೆ ಧಮ್ಮಸ್ಸು ಆಗಿಲ್ಲ. ಇಂಥ ಕಡೆ ಕೂಡಲೇ ಡಾಂಬರು ಹಾಕಿ ಎಂದು ಒತ್ತಾಯಿಸಬೇಡಿ. ಜಲ್ಲಿ ಹಾಕಿಸಿ, ಒಂದೆರಡು ಮಳೆ ಕುಡಿಯಲಿ, ಕುಸಿದಲ್ಲಿ ಮತ್ತೆ ತುಂಬಿಸಿ ಬಡಿಯಲಿ. ಅವಸರದ ಡಾಂಬರು ಪೊಳ್ಳಿನ ಮೇಲೆ ಹೊದಿಸಿದ ಚಾದರ. ಒಂದು ಟ್ಯಾಂಕರು ಹಾದರೆ ಸಾಕು.

ಸಂಪಿಗೆ ಬರುವ ನೀರು

ಎಲ್ಲಕ್ಕಿಂತ ದೊಡ್ಡ ಅಪಾಯ ಇದು, ಮತ್ತು ಬಹಳ ಸದ್ದಿಲ್ಲದೆ ಬರುತ್ತದೆ. ಒಂದು ಬೀದಿಯಲ್ಲಿ ಕಂಡದ್ದು ಹೀಗೆ: ಬಕೆಟ್ಟಿನ ಹಲ್ಲಿಗೆ ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪೊಂದು ಸಿಕ್ಕಿ ಬಿಲ್ಲಿನ ಹಾಗೆ ಬಾಗಿ ಮೇಲೆದ್ದಿತು. ಅದು ನೀರು ಬಿಡುವ ದಿನವಲ್ಲ, ಹಾಗಾಗಿ ಒಂದು ಹನಿಯೂ ಚಿಮ್ಮಲಿಲ್ಲ. ಹುಡುಗನೊಬ್ಬ ಇಳಿದು, ಸೀಳಿದ ಜಾಗಕ್ಕೆ ಸೈಕಲ್ ಟ್ಯೂಬಿನ ಪಟ್ಟಿಯನ್ನು ಎಳೆದೆಳೆದು ಏಳೆಂಟು ಸುತ್ತು ಸುತ್ತಿ, ತುದಿಯನ್ನು ಒಳಕ್ಕೆ ಸಿಕ್ಕಿಸಿ, ಮೇಲೆ ಒಂದು ಬಾಂಡ್ಲಿ ಮಣ್ಣು ಹಾಕಿದ. ಎರಡು ನಿಮಿಷದ ಕೆಲಸ. ಆ ಮನೆಯವರಿಗೆ ಗೊತ್ತೇ ಆಗಲಿಲ್ಲ. ನೀರು ಬಂದಾಗ ಒತ್ತಡ ಒಳಗಿನಿಂದ ಹೊರಕ್ಕೆ ಇರುತ್ತದೆ, ಟ್ಯೂಬು ಸ್ವಲ್ಪ ಸೋರಿ ತಡೆದುಕೊಳ್ಳುತ್ತದೆ. ವಾಲ್ವು ಮುಚ್ಚಿದ ಮೇಲೆ ತಗ್ಗಿನ ಮನೆಗಳು ಪೈಪಿನಲ್ಲಿ ಉಳಿದ ನೀರನ್ನು ಎಳೆದುಕೊಳ್ಳುತ್ತವೆ, ಪೈಪು ಖಾಲಿಯಾಗುತ್ತಾ ಹೊರಗಿನದ್ದನ್ನು ಹೀರುತ್ತದೆ. ಗುಂಡಿಯಲ್ಲಿ ಆಗ ನಿಂತಿರುವುದು ಮಳೆನೀರು, ಒಡೆದ ಯುಜಿಡಿಯ ಸೋರಿಕೆ. ಮುಂದಿನ ಸರದಿಯ ಮೊದಲ ನೀರು ಅದೇ. ಲೈನಿಗೆ ನೇರ ಮೋಟಾರು ಹಾಕಿ ಎಳೆಯುವ ಮನೆ ಬೀದಿಯಲ್ಲಿ ಒಂದಿದ್ದರೂ ಈ ಹೀರುವಿಕೆ ಇನ್ನಷ್ಟು ಜೋರು.

ಕನೆಕ್ಷನ್ನು ಕಿತ್ತರೆ ಟ್ಯೂಬು ಸುತ್ತಲು ಬಿಡಬೇಡಿ. ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪಾದರೆ ಕಂಪ್ರೆಷನ್ ಕಪ್ಲರು, ಜಿಐ ಆದರೆ ಹಾಳಾದ ತುಂಡು ಕತ್ತರಿಸಿ ಥ್ರೆಡ್ ಹಾಕಿ ಯೂನಿಯನ್ನು. ಕೆಲಸ ನಡೆಯುವಷ್ಟು ದಿನ ನಿಮ್ಮ ಪೈಪಿನ ಅಳತೆಯ ಎರಡು ಕಪ್ಲರು ಮನೆಯಲ್ಲೇ ಇರಲಿ. ಮೇಸ್ತ್ರಿಗೆ ಅಂಗಡಿ ಹುಡುಕುವ ನೆಪ ಉಳಿಯುವುದಿಲ್ಲ. ಸಂಪಿನೊಳಗೆ ಬೀಳುವ ಮೊದಲು ಪೈಪಿಗೆ ಒಂದು ಟೀ, ಒಂದು ನಲ್ಲಿ, ಒಂದು ವಾಲ್ವು ಹಾಕಿಸಿಕೊಂಡರೆ ಮೊದಲ ಹತ್ತು ಹದಿನೈದು ನಿಮಿಷದ ನೀರನ್ನು ಬಕೆಟ್ಟಿಗೆ, ಗಿಡಗಳಿಗೆ ಬಿಟ್ಟು, ಬಣ್ಣ ಮತ್ತು ವಾಸನೆ ನೋಡಿ, ಆಮೇಲೆ ಸಂಪಿಗೆ ತಿರುಗಿಸಬಹುದು. ರಾತ್ರಿ ಎರಡು ಗಂಟೆಗೆ ಬರುವ ನೀರಿಗೆ ಎದ್ದು ನಿಲ್ಲುವುದು ಕಷ್ಟ. ಗುಂಡಿ ತೆರೆದಿರುವ ವಾರಗಳಲ್ಲಿ ವಾಲ್ವು ಮುಚ್ಚಿಟ್ಟು, ಎಚ್ಚರವಿದ್ದಾಗ ಮಾತ್ರ ತೆರೆಯಿರಿ.

ಅನುಮಾನ ಬಂದರೆ ನೀರು ಪರೀಕ್ಷಿಸುವ ಎಚ್2ಎಸ್ ಬಾಟಲಿಯಲ್ಲಿ ಗುರುತಿನವರೆಗೆ ನೀರು ತುಂಬಿ ಇಡಿ. 24ರಿಂದ 48 ಗಂಟೆಯಲ್ಲಿ ಕಪ್ಪಾದರೆ ಕೊಳಚೆ ಸೇರಿದೆ. ಕಾಯುವಷ್ಟು ಹೊತ್ತು ಕುಡಿಯುವ ನೀರು ಕೊತಕೊತ ಕುದಿ ಬಂದ ಮೇಲೆ ಇನ್ನೊಂದು ನಿಮಿಷ ಕುದಿಯಲಿ. ಮನೆಯ ಫಿಲ್ಟರನ್ನು ನಂಬಿ ಕೂರಬೇಡಿ, ಕಲಕು ನೀರಿನಲ್ಲಿ ಯುವಿ ಬೆಳಕು ಸರಿಯಾಗಿ ಹಾಯುವುದಿಲ್ಲ. ಸಂಪು ತೊಳೆಯಬೇಕಾದರೆ ಪೂರ್ತಿ ಖಾಲಿ ಮಾಡಿ, ಉಜ್ಜಿ, ಹತ್ತು ಲೀಟರು ಬಕೆಟ್ಟಿಗೆ 10 ಗ್ರಾಂ, ಅಂದರೆ ಎರಡು ಟೀ ಚಮಚದಷ್ಟು ಬ್ಲೀಚಿಂಗ್ ಪೌಡರು ಕಲಸಿ, ಗಸಿ ಕೆಳಗೆ ಕೂತ ಮೇಲಿನ ತಿಳಿಯಿಂದ ಗೋಡೆ ತಳ ಎಲ್ಲ ಒದ್ದೆ ಮಾಡಿ. ಅರ್ಧ ಗಂಟೆ ಬಿಟ್ಟು ತೊಳೆದು ಹೊರಹಾಕಿ. ಉದ್ದ ಹಿಡಿಯ ಬ್ರಷ್ಷಿನಲ್ಲಿ ಮೇಲಿನಿಂದಲೇ ಮಾಡಿ. ಮುಚ್ಚಿದ ಸಂಪಿನೊಳಗೆ ಗಾಳಿ ಇರುವುದಿಲ್ಲ, ಒಬ್ಬರೇ ಇಳಿದು ಪ್ರಾಣ ಕಳೆದುಕೊಂಡವರಿದ್ದಾರೆ. ಅದೇ ನೀರು ಹತ್ತಿರುವ ಮೇಲಿನ ಸಿಂಟೆಕ್ಸಿಗೂ ಇದೇ ಕ್ರಮ. ಆಮೇಲೆ ದಿನನಿತ್ಯಕ್ಕೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಸಾಕು, ಹಾಕಿ ಒಂದು ಗಂಟೆ ಬಿಡಬೇಕು. ಬ್ಲೀಚಿಂಗ್ ಹೊಸದಾಗಿರಲಿ, ಬಾಯಿ ತೆರೆದ ಪೊಟ್ಟಣ ವಾರಗಳಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ.

ಹಳೆಯ ಇಟ್ಟಿಗೆ ಸಂಪು ಗೇಟಿನ ಪಕ್ಕದಲ್ಲೇ ಇದ್ದರೆ ಇನ್ನೊಂದು ಎಚ್ಚರ. ಗುಂಡಿಯಲ್ಲಿ ನೀರು ನಿಂತಿರುವಾಗ ಸಂಪು ಖಾಲಿ ಇದ್ದರೆ ಗೋಡೆಯ ಬಿರುಕಿನಲ್ಲಿ ಹೊರಗಿನ ನೀರು ಒಳಗಿಳಿಯುತ್ತದೆ. ಆ ದಿನಗಳಲ್ಲಿ ಅದನ್ನು ತುಂಬಿಯೇ ಇಟ್ಟುಕೊಳ್ಳಿ. ರಾತ್ರಿ ಮಟ್ಟಕ್ಕೆ ಗುರುತು ಮಾಡಿ, ಯಾರೂ ಬಳಸದ ಹೊತ್ತು ಕಳೆದು ನೋಡಿ. ಏರಿದ್ದರೂ ಇಳಿದಿದ್ದರೂ ಬಿರುಕಿದೆ.

ಬಚ್ಚಲಿಗೆ ವಾಪಸು ಬರುವ ನೀರು

ಹಳೆಯ ಯುಜಿಡಿಗೆ ಹೊಸದನ್ನು ಸೇರಿಸುವಾಗ ಹರಿವನ್ನು ತಡೆಯಲು ಮೇಲಿನ ಮ್ಯಾನ್‌ಹೋಲಿನ ಬಾಯಿಗೆ ಮರಳು ಚೀಲ ತುರುಕುತ್ತಾರೆ. ಕೆಲಸ ಮುಗಿದ ಮೇಲೆ ಆ ಚೀಲ ತೆಗೆಯಬೇಕು. ಮರೆತರೆ ಮೊದಲ ವಾರ ಏನೂ ಆಗುವುದಿಲ್ಲ. ಆಮೇಲೆ ನೆಲಮಹಡಿಯ ಬಚ್ಚಲ ಜಾಲರಿಯಿಂದ ಗುಳುಗುಳು ಸದ್ದು, ಅದರ ಹಿಂದೆ ನೀರು. ಮೇಲಿನ ಮೂರು ಮಹಡಿಯವರು ಸ್ನಾನ ಮಾಡಿದಷ್ಟೂ ಕೆಳಗಿನ ಬಾಡಿಗೆಯವರ ಮನೆಗೆ ಬರುತ್ತದೆ. ಆ ಹೊತ್ತಿಗೆ ಮೊದಲ ಕೆಲಸ ಮೇಲಿನವರಿಗೆ ಹೇಳಿ ನೀರು ನಿಲ್ಲಿಸುವುದು. ಆಮೇಲೆ ಗೇಟಿನ ಹತ್ತಿರದ ಚೇಂಬರಿನ ಮುಚ್ಚಳ ತೆಗೆದು ನೋಡಿ. ಅದು ತುಂಬಿ ನಿಂತಿದ್ದರೆ ತಡೆ ರಸ್ತೆಯ ಕಡೆ ಇದೆ, ಒಣಗಿದ್ದರೆ ನಿಮ್ಮ ಮನೆಯೊಳಗಿನ ಪೈಪಿನಲ್ಲಿ. ರಸ್ತೆಯದ್ದಾದರೆ ಜಲಮಂಡಳಿಯ 1916ಕ್ಕೆ ಫೋನು ಮಾಡಿ, ‘ಹೊಸ ಲೈನು ಸೇರಿಸಿದ ಮ್ಯಾನ್‌ಹೋಲಿನಲ್ಲಿ ಚೀಲ ಉಳಿದಿರಬಹುದು’ ಎಂದೇ ಹೇಳಿ, ದೂರಿನ ಸಂಖ್ಯೆ ಬರೆದುಕೊಳ್ಳಿ. ಒತ್ತಡದ ನೀರು ಬಿಟ್ಟು ತಡೆ ಬಿಡಿಸುವ ಜೆಟ್ಟಿಂಗ್ ಯಂತ್ರ ಬರಲಿ. ಬೇಗ ಆಗಲಿ ಎಂದು ಯಾರನ್ನಾದರೂ ದುಡ್ಡು ಕೊಟ್ಟು ಒಳಗಿಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಅಪರಾಧ. ಕಾಯ್ದೆ ಬದಿಗಿರಲಿ, ಒಳಗಿನ ವಿಷಗಾಳಿ ಒಂದೆರಡು ಉಸಿರಿನಲ್ಲಿ ಕೊಲ್ಲುತ್ತದೆ. ಒಬ್ಬ ಬಿದ್ದರೆ ಎತ್ತಲು ಹೋದವನೂ ಬೀಳುತ್ತಾನೆ.

ಕೆಲವೊಮ್ಮೆ ತಡೆ ತಿಂಗಳುಗಳ ನಂತರ ಕಾಣಿಸುತ್ತದೆ. ಇಂಟರ್ನೆಟ್ ಕೇಬಲಿಗೆ ರಸ್ತೆ ಅಗೆಯದೆ ಅಡ್ಡ ಕೊರೆಯುವ ಯಂತ್ರ ಬಳಸುತ್ತಾರೆ. ಅದರ ಮೂತಿ ಯುಜಿಡಿ ಪೈಪಿನ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬಂದರೂ ಮೇಲಿರುವವರಿಗೆ ತಿಳಿಯುವುದಿಲ್ಲ. ಪೈಪಿನೊಳಗೆ ಅಡ್ಡ ನಿಂತ ಕೇಬಲಿಗೆ ಬಟ್ಟೆ, ಕೂದಲು ಸಿಕ್ಕಿಕೊಂಡು ನಿಧಾನವಾಗಿ ಕಟ್ಟುತ್ತದೆ. ಎಷ್ಟು ಜೆಟ್ಟಿಂಗ್ ಮಾಡಿದರೂ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಕಟ್ಟುತ್ತಿದ್ದರೆ ಕ್ಯಾಮೆರಾ ಬಿಟ್ಟು ನೋಡಿಸಿ. ಹೊಸ ಮನೆ ಕನೆಕ್ಷನ್ನು ಕೊಡುವಾಗ ಇಳಿಜಾರನ್ನೂ ನೋಡಿ: ನಾಲ್ಕಿಂಚಿನ ಪೈಪಿಗೆ ಮೂರು ಮೀಟರಿಗೆ 5 ಸೆಂ.ಮೀ., ಆರಿಂಚಿನದ್ದಕ್ಕೆ 3 ಸೆಂ.ಮೀ. ಗುಂಡಿ ತೆರೆದಿರುವಾಗ ರಸಮಟ್ಟ ಇಟ್ಟರೆ ಒಂದು ನಿಮಿಷದ ಕೆಲಸ.

ಕರೆಂಟು, ಗ್ಯಾಸು

ಎರಡೇ ಮಾತು. 11 ಕೆವಿ ಕೇಬಲ್ಲು ನೆಲದಿಂದ 90 ಸೆಂ.ಮೀ. ಆಳದಲ್ಲಿ, ಮನೆಗಳಿಗೆ ಬರುವ ಕಡಿಮೆ ವೋಲ್ಟೇಜಿನ ಎಲ್‌ಟಿ 75 ಸೆಂ.ಮೀ. ಆಳದಲ್ಲಿ, ಮೇಲೆ ಮರಳು, ಅದರ ಮೇಲೆ ಇಟ್ಟಿಗೆ ಸಾಲು ಇರಬೇಕು. ರಸ್ತೆಯಲ್ಲಿ ಅಗೆಯುವಾಗ ಸಾಲಾಗಿ ಇಟ್ಟಿಗೆ ಕಂಡರೆ ಅಲ್ಲಿಗೇ ಜೆಸಿಬಿ ನಿಲ್ಲಬೇಕು. ಕೇಬಲಿನ ನ್ಯೂಟ್ರಲ್ ತುಂಡಾದರೆ ಕರೆಂಟು ಹೋಗುವುದಿಲ್ಲ. 230 ವೋಲ್ಟಿನ ಬದಲು ಕೆಲವು ಮನೆಗೆ 400ರ ಹತ್ತಿರ ಬರುತ್ತದೆ, ಇನ್ನು ಕೆಲವಕ್ಕೆ ತೀರಾ ಕಡಿಮೆ. ಬಲ್ಬು ಏಕಾಏಕಿ ಜಾಸ್ತಿ ಉರಿದರೆ ಕಾರಣ ಹುಡುಕುತ್ತಾ ನಿಲ್ಲಬೇಡಿ. ಮೇನ್ ಆಫ್ ಮಾಡಿ, ಆಮೇಲೆ ಬೆಸ್ಕಾಂನ 1912ಕ್ಕೆ ಫೋನು.

ಗ್ಯಾಸಿನ ಹಳದಿ ಪೈಪು ಸೀಳಿದರೆ ಕೊಳೆತ ಕೋಸಿನಂಥ ವಾಸನೆ. ಅದು ಸಡಿಲ ಮಣ್ಣಿನಲ್ಲಿ, ಕೇಬಲಿನ ಕೊಳವೆಗಳಲ್ಲಿ ಹರಿದು ಮನೆಯೊಳಗೂ ಬರಬಹುದು. ಸ್ವಿಚ್ಚು ಹಾಕಬೇಡಿ, ತೆಗೆಯಲೂ ಬೇಡಿ. ಕಿಟಕಿ ತೆರೆದು ಎಲ್ಲರೂ ಹೊರಗೆ. ಫೋನು ಮಾಡುವುದು ದೂರ ಹೋದ ಮೇಲೆ. ಜೆಸಿಬಿಯ ಎಂಜಿನ್ನು ಕೂಡ ನಿಲ್ಲಬೇಕು.

ಡಾಂಬರು ಬೀಳುವ ದಿನ

ಇದೂ ಮುಚ್ಚುವ ಕೆಲಸವೇ. ಹಳೆಯ ರಸ್ತೆಯನ್ನು ಕೆರೆದು ತೆಗೆಯದೆ ಮೇಲಿಂದ ಮೇಲೆ ಪದರ ಹಾಕುತ್ತಾ ಹೋದರೆ ರಸ್ತೆ ಮನೆಗಿಂತ ಎತ್ತರವಾಗುತ್ತದೆ, ಸೆಪ್ಟೆಂಬರ್ ಅಕ್ಟೋಬರಿನ ಮಳೆ ನೇರ ಗೇಟಿನೊಳಕ್ಕೆ. ಹಿಂದಿನ ರಸ್ತೆಯ ಮಟ್ಟವನ್ನು ಗೇಟಿನ ಕಂಬದ ಮೇಲೆ ಮೊದಲೇ ಗೆರೆ ಎಳೆದು ಗುರುತು ಮಾಡಿಟ್ಟಿದ್ದರೆ, ಹೊಸ ಡಾಂಬರು ಅದನ್ನು ದಾಟುವ ಮೊದಲು ಎಂಜಿನಿಯರಿಗೆ ತೋರಿಸಬಹುದು. ರಸ್ತೆಯ ನಡು ಎತ್ತರ, ಎರಡು ಅಂಚು ತಗ್ಗು ಇದ್ದು ನೀರು ಮೋರಿಗೆ ಬೀಳಬೇಕು. ಮೋರಿಯ ಚಪ್ಪಡಿ ಸಂದಿಗಳಲ್ಲಿ ಡಾಂಬರು ತುಂಬಿಕೊಂಡರೆ ನೀರಿಗೆ ದಾರಿ ಇಲ್ಲ, ಡಾಂಬರು ಬಿಸಿ ಇರುವಾಗಲೇ ಕೆರೆಸಿ.

ಕೊನೆಗೆ ಚೇಂಬರು ಮತ್ತು ನೀರಿನ ವಾಲ್ವಿನ ಮುಚ್ಚಳಗಳು. ಡಾಂಬರಿನ ಕೆಳಗೆ ಅವು ಮುಚ್ಚಿಹೋಗುವುದು ಎಷ್ಟು ಸಾಮಾನ್ಯವೆಂದರೆ, ಮುಂದೆ ಕಟ್ಟಿಕೊಂಡಾಗ ಅವನ್ನು ಹುಡುಕಲೆಂದೇ ರಸ್ತೆ ಒಡೆಯುತ್ತಾರೆ. ಡಾಂಬರಿನವರು ಬರುವ ಹಿಂದಿನ ಸಂಜೆ ಟೇಪು ಹಿಡಿದು ಗೇಟಿನ ಎರಡೂ ಕಂಬಗಳಿಂದ ಪ್ರತಿ ಮುಚ್ಚಳದ ನಡುವಿಗೆ ಅಳೆಯಿರಿ. ಎರಡು ಕಂಬ, ಎರಡು ಅಳತೆ, ದಾರ ಹಿಡಿದರೆ ಎರಡೂ ಸೇರುವ ಜಾಗವೇ ಮುಚ್ಚಳ. ಆ ಅಂಕಿಗಳನ್ನು ಮೀಟರ್ ಬೋರ್ಡಿನ ಬಾಗಿಲ ಒಳಮೈಯಲ್ಲಿ ಎನಾಮಲ್ ಬಣ್ಣದಲ್ಲಿ ಬರೆದಿಡಿ: ‘ಯುಜಿಡಿ, ಎಡ ಕಂಬ 7 ಅಡಿ 4 ಇಂಚು, ಬಲ ಕಂಬ 11 ಅಡಿ 2 ಇಂಚು’.